ನಾಲ್ಕು ಡಿಸ್ಕ್‌ಗೆ ಯಾವ ರೇಡ್? ಪದೇ ಪದೇ ಕೇಳುವ ಪ್ರಶ್ನೆಗಳು

ಮಲೆನಾಡಿನ ಸಣ್ಣ ಊರುಗಳ ಫೋಟೋ ಸ್ಟುಡಿಯೋ, ಮುದ್ರಣಾಲಯ, ಲೆಕ್ಕಪತ್ರ ನೋಡುವ ಕಚೇರಿಗಳಿಗೆ ಡಿಸ್ಕ್ ಪೆಟ್ಟಿಗೆಗಳನ್ನು ಜೋಡಿಸಿಕೊಡುವುದು, ಕೆಟ್ಟಾಗ ಹೋಗಿ ನೋಡುವುದು ನನ್ನ ಕೆಲಸ. ಯಾರೇ ಫೋನ್ ಮಾಡಿದರೂ ಮೊದಲು ಕೇಳುವುದು ‘ಯಾವುದರಲ್ಲಿ ಹೆಚ್ಚು ಜಾಗ ಸಿಗುತ್ತದೆ?’ ಎಂದು. ನಾನು ತಿರುಗಿ ಕೇಳುವುದು ಬೇರೆ: ಒಂದು ಡಿಸ್ಕ್ ಕೆಟ್ಟ ದಿನ ನಿಮ್ಮಲ್ಲಿ ಏನಾಗುತ್ತದೆ? ಆ ದಿನವನ್ನು ಮೊದಲೇ ಕಣ್ಣ ಮುಂದೆ ತಂದುಕೊಂಡರೆ ಆಯ್ಕೆ ಮುಕ್ಕಾಲು ಪಾಲು ಮುಗಿದ ಹಾಗೆ. ಕೆಳಗಿನ ಉತ್ತರಗಳನ್ನು ಆ ದಿನವನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದೇನೆ.

ರೇಡ್ ಎಂದರೆ ಏನು? ಒಂದೇ ದೊಡ್ಡ ಡಿಸ್ಕ್ ಸಾಲದೇ?

ಹಲವು ಡಿಸ್ಕ್‌ಗಳನ್ನು ಒಟ್ಟಿಗೆ ಕಟ್ಟಿ, ಕಂಪ್ಯೂಟರಿನ ಕಣ್ಣಿಗೆ ಒಂದೇ ಡಿಸ್ಕ್‌ನಂತೆ ಕಾಣಿಸುವ ವಿಧಾನ ಇದು. 1988ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿದ್ದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ್‍ಯಾಂಡಿ ಕಾಟ್ಜ್ ಒಂದು ಪ್ರಬಂಧದಲ್ಲಿ ಈ ಹೆಸರನ್ನು ಇಟ್ಟರು. ಆಗ ದೊಡ್ಡ ಕಂಪ್ಯೂಟರುಗಳ ಡಿಸ್ಕ್‌ಗಳಿಗೆ ವಿಪರೀತ ಬೆಲೆ. ಅದರ ಬದಲು ಪರ್ಸನಲ್ ಕಂಪ್ಯೂಟರಿನ ಅಗ್ಗದ ಡಿಸ್ಕ್‌ಗಳನ್ನು ಸಾಲಾಗಿ ಜೋಡಿಸಿದರೆ ವೇಗ ಸಿಗುತ್ತದೆ, ಆದರೆ ಡಿಸ್ಕ್‌ಗಳ ಸಂಖ್ಯೆ ಹೆಚ್ಚಿದಷ್ಟೂ ಒಂದಲ್ಲ ಒಂದು ಕೆಡುವುದೂ ಹೆಚ್ಚುತ್ತದೆ, ಆದ್ದರಿಂದ ಸ್ವಲ್ಪ ಜಾಗವನ್ನು ರಕ್ಷಣೆಗೆ ಮೀಸಲಿಡಬೇಕು ಎಂಬುದು ಅವರ ವಾದ. ಇಂಗ್ಲಿಷಿನ ಪೂರ್ಣ ಹೆಸರು ‘ರಿಡಂಡೆಂಟ್ ಅರೇಸ್ ಆಫ್ ಇನೆಕ್ಸ್‌ಪೆನ್ಸಿವ್ ಡಿಸ್ಕ್ಸ್’. ಅದರಲ್ಲಿದ್ದ ‘ಅಗ್ಗದ’ ಎಂಬ ಅರ್ಥದ ಪದ ಮುಂದೆ ‘ಸ್ವತಂತ್ರ’ ಎಂದು ಬದಲಾಯಿತು. ವಾದ ಮಾತ್ರ ಇವತ್ತಿಗೂ ಹಾಗೆಯೇ ನಿಂತಿದೆ.

ಒಂದೇ ಡಿಸ್ಕ್ ಇದ್ದರೆ ಅದು ಕೆಟ್ಟ ಗಳಿಗೆಯಲ್ಲಿ ಅಂಗಡಿಯ ಕೆಲಸ ನಿಲ್ಲುತ್ತದೆ. ಸರಿಯಾದ ರೇಡ್ ಇದ್ದರೆ ನಿಲ್ಲುವುದಿಲ್ಲ.

ರೇಡ್ ಇದ್ದ ಮೇಲೆ ಬ್ಯಾಕಪ್ ಯಾಕೆ?

ಬ್ಯಾಕಪ್ ಬೇಕೇ ಬೇಕು. ಈ ಒಂದು ವಿಷಯದಲ್ಲಿ ನನಗೆ ರಾಜಿ ಇಲ್ಲ. ನೀವು ತಪ್ಪಿ ಒಂದು ಫೋಲ್ಡರ್ ಅಳಿಸಿದರೆ ರೇಡ್ ಎಲ್ಲ ಡಿಸ್ಕ್‌ಗಳಿಂದಲೂ ಅದನ್ನು ಅಷ್ಟೇ ನಿಷ್ಠೆಯಿಂದ ಅಳಿಸುತ್ತದೆ. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಕುತಂತ್ರಾಂಶ ಹೊಕ್ಕರೆ ಎರಡೂ ಪ್ರತಿಗಳಿಗೆ ಒಟ್ಟಿಗೇ ಬೀಗ ಬೀಳುತ್ತದೆ. ಮುಂಗಾರಿಗೆ ಮುಂಚಿನ ಸಿಡಿಲು ಕೇಬಲ್ ಹಿಡಿದು ಒಳಗೆ ಬಂದರೆ ಒಂದೇ ಪೆಟ್ಟಿಗೆಯಲ್ಲಿರುವ ನಾಲ್ಕೂ ಡಿಸ್ಕ್ ಒಂದೇ ಏಟಿಗೆ ಸುಡಬಹುದು. ಕಳ್ಳತನವಾದರೆ ಪೆಟ್ಟಿಗೆಯೇ ಹೋಯಿತು.

ಡಿಸ್ಕ್ ಕೆಟ್ಟಾಗ ಕೆಲಸ ನಿಲ್ಲದಂತೆ ನೋಡಿಕೊಳ್ಳುವುದಷ್ಟೇ ರೇಡ್‌ನ ಹೊಣೆ. ಕಳೆದುಹೋದದ್ದನ್ನು ಮರಳಿ ತರುವುದು ಬ್ಯಾಕಪ್‌ನ ಹೊಣೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಪ್ರತಿ ಬೇರೆ ಕಟ್ಟಡದಲ್ಲಿ ಎಂಬ ಹಳೆಯ ಲೆಕ್ಕವನ್ನು ಪಾಲಿಸಿ. ಕೈಯಲ್ಲಿರುವ ಹಣ ಎರಡರಲ್ಲಿ ಒಂದಕ್ಕೆ ಮಾತ್ರ ಸಾಕಾಗುವಂತಿದ್ದರೆ ರೇಡ್ ಬಿಡಿ, ಬ್ಯಾಕಪ್ ಮಾಡಿ.

0, 1, 5, 6, 10: ಈ ಅಂಕಿಗಳ ಅರ್ಥವೇನು?

ಅಂಕಿ ದೊಡ್ಡದಾದಷ್ಟೂ ಗುಣಮಟ್ಟ ಹೆಚ್ಚು ಎಂದು ಬಹಳ ಜನ ತಿಳಿಯುತ್ತಾರೆ. ಹಾಗೇನೂ ಇಲ್ಲ, ಅವು ಬರೀ ಹೆಸರುಗಳು.

ರೇಡ್ 0 ಕಡತವನ್ನು ತುಂಡು ಮಾಡಿ ಎಲ್ಲ ಡಿಸ್ಕ್‌ಗಳಿಗೂ ಹಂಚುತ್ತದೆ. ವೇಗ ಚೆನ್ನಾಗಿರುತ್ತದೆ, ರಕ್ಷಣೆ ಸೊನ್ನೆ. ಒಂದು ಡಿಸ್ಕ್ ಹೋದರೆ ಎಲ್ಲವೂ ಹೋಯಿತು. ರೇಡ್ 1 ಒಂದೇ ವಿಷಯವನ್ನು ಎರಡು ಡಿಸ್ಕ್‌ಗಳಲ್ಲಿ ಬರೆಯುವ ಮಿರರ್. ರೇಡ್ 5 ತುಂಡುಗಳ ಜೊತೆಗೆ ‘ಪ್ಯಾರಿಟಿ’ ಎಂಬ ಲೆಕ್ಕವನ್ನೂ ಬರೆದಿಡುತ್ತದೆ, ಯಾವುದಾದರೂ ಒಂದು ಡಿಸ್ಕ್ ಕೆಟ್ಟರೆ ತಾಳಿಕೊಳ್ಳುತ್ತದೆ. ರೇಡ್ 6ರಲ್ಲಿ ಅಂಥ ಎರಡು ಲೆಕ್ಕಗಳಿರುತ್ತವೆ, ಯಾವುದೇ ಎರಡು ಡಿಸ್ಕ್ ಕೆಟ್ಟರೂ ಬದುಕುತ್ತದೆ. ರೇಡ್ 10 ಎಂದರೆ ‘ಒಂದು, ಸೊನ್ನೆ’: ಮೊದಲು ಮಿರರ್ ಜೋಡಿಗಳು, ಆಮೇಲೆ ಆ ಜೋಡಿಗಳ ನಡುವೆ ಹಂಚಿಕೆ. 2, 3, 4 ಎಂಬವೂ ಆ ಪ್ರಬಂಧದಲ್ಲಿದ್ದವು. ಇಂದು ಹೊಸದಾಗಿ ಪೆಟ್ಟಿಗೆ ಕೊಳ್ಳುವವರು ಅವುಗಳ ಚಿಂತೆ ಮಾಡಬೇಕಿಲ್ಲ.

ಒಂದು ಡಿಸ್ಕ್ ಕಳೆದುಹೋದರೂ ಪ್ಯಾರಿಟಿ ಅದರಲ್ಲಿದ್ದುದನ್ನು ಹೇಗೆ ಹೇಳುತ್ತದೆ?

ಇದರಲ್ಲಿ ಮಾಟಮಂತ್ರವೇನೂ ಇಲ್ಲ, ಕಾಗದದ ಮೇಲೆ ನೀವೇ ಮಾಡಿ ನೋಡಬಹುದು. ಮೊದಲ ಡಿಸ್ಕ್‌ನಲ್ಲಿ 110, ಎರಡನೆಯದರಲ್ಲಿ 011 ಇದೆ ಎನ್ನೋಣ. ಒಂದರ ಕೆಳಗೆ ಒಂದು ಬರೆಯಿರಿ. ಮೇಲೆ ಕೆಳಗೆ ಒಂದೇ ಅಂಕಿ ಇದ್ದರೆ 0, ಬೇರೆ ಬೇರೆ ಇದ್ದರೆ 1 ಹಾಕಿ. ಬರುವ ಉತ್ತರ 101. ಅದೇ ಪ್ಯಾರಿಟಿ, ಅದನ್ನು ಮೂರನೆಯ ಡಿಸ್ಕ್‌ನಲ್ಲಿ ಇಡುತ್ತೇವೆ.

ಈಗ ಮೊದಲ ಡಿಸ್ಕ್ ಕೆಟ್ಟಿತು. ಉಳಿದದ್ದು 011 ಮತ್ತು 101. ಅದೇ ನಿಯಮದಿಂದ ಮತ್ತೆ ಲೆಕ್ಕ ಹಾಕಿದರೆ 110 ಸಿಗುತ್ತದೆ. ಕಳೆದುಹೋದದ್ದು ಹಾಗೆಯೇ ಮರಳಿ ಬಂತು. ಮೂರು ಡಿಸ್ಕ್ ಇರಲಿ, ಎಂಟು ಇರಲಿ, ರೇಡ್ 5 ಮಾಡುವುದು ಇಷ್ಟನ್ನೇ. ಪ್ಯಾರಿಟಿ ಒಂದೇ ಡಿಸ್ಕ್‌ನಲ್ಲಿ ಕೂರದೆ ಸರದಿಯಂತೆ ಎಲ್ಲ ಡಿಸ್ಕ್‌ಗಳಲ್ಲೂ ಸುತ್ತುತ್ತದೆ ಎಂಬುದೊಂದು ಸೇರ್ಪಡೆ. ರೇಡ್ 6ರ ಎರಡನೆಯ ಲೆಕ್ಕ ಇದಕ್ಕಿಂತ ಕಠಿಣವಾದ ಬೀಜಗಣಿತ.

ಇಲ್ಲಿ ಒಂದು ವಿಷಯವನ್ನು ಗಮನಿಸಿ. ಕಳೆದುಹೋದ ಒಂದು ಅಂಕಿಯನ್ನು ಹಿಂದೆ ಪಡೆಯಲು ಉಳಿದ ಎಲ್ಲ ಡಿಸ್ಕ್‌ಗಳನ್ನೂ ಓದಲೇಬೇಕು. ರೇಡ್ 5ರ ತೊಂದರೆಗಳೆಲ್ಲ ಹುಟ್ಟುವುದು ಇಲ್ಲಿಂದ.

4 ಟೆರಾಬೈಟಿನ ನಾಲ್ಕು ಡಿಸ್ಕ್ ತಂದರೆ ಎಷ್ಟು ಜಾಗ ಸಿಗುತ್ತದೆ?

ರೇಡ್ 0ರಲ್ಲಿ 16 ಟೆರಾಬೈಟ್, ರೇಡ್ 5ರಲ್ಲಿ 12, ರೇಡ್ 6ರಲ್ಲಿ 8, ರೇಡ್ 10ರಲ್ಲೂ 8. ಜೋಡಿಸಿದ ಮೇಲೆ ಪರದೆಯಲ್ಲಿ ಇನ್ನೂ ಕಡಿಮೆ ಕಾಣಿಸಿದರೆ ಗಾಬರಿಯಾಗಬೇಡಿ. ಡಿಸ್ಕ್ ತಯಾರಿಸುವವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ. ಹಾಗಾಗಿ 4 ಟೆರಾಬೈಟಿನ ಡಿಸ್ಕ್ ಅಲ್ಲಿ 3.63 ಎಂದು ಕಾಣುತ್ತದೆ.

ಅಳತೆ ಬೇರೆ ಬೇರೆಯಾದ ಡಿಸ್ಕ್‌ಗಳನ್ನು ಬೆರೆಸಿದರೆ ಎಲ್ಲವೂ ಅತ್ಯಂತ ಚಿಕ್ಕದರ ಅಳತೆಗೆ ಇಳಿಯುತ್ತವೆ.

ಹಾಗಾದರೆ ನಾನು ಯಾವುದನ್ನು ಆರಿಸಲಿ?

ಎರಡು ಡಿಸ್ಕ್ ಇದ್ದರೆ ರೇಡ್ 1, ಯೋಚಿಸುವುದೇ ಬೇಡ. ಮೂರು ಡಿಸ್ಕ್ ಇದ್ದರೆ ಅಂಗಡಿಯವರು ರೇಡ್ 5 ಎನ್ನುತ್ತಾರೆ. ನಾನು ಎರಡನ್ನು ಮಿರರ್ ಮಾಡಿ, ಮೂರನೆಯದನ್ನು ಬ್ಯಾಕಪ್‌ಗೆ ಇಟ್ಟು ಮನೆಗೆ ಒಯ್ಯಿರಿ ಎನ್ನುತ್ತೇನೆ. ಜಾಗ ಕಡಿಮೆಯಾಗುತ್ತದೆ ನಿಜ, ಆದರೆ ನೆಮ್ಮದಿಗೆ ಆ ಬೆಲೆ ಹೆಚ್ಚಲ್ಲ.

ನಾಲ್ಕು ಡಿಸ್ಕ್ ಇದ್ದಾಗ ನಿಜವಾದ ಆಯ್ಕೆ ರೇಡ್ 6 ಮತ್ತು ರೇಡ್ 10ರ ನಡುವೆ. ಎರಡರಲ್ಲೂ ಸಿಗುವುದು ಅರ್ಧ ಜಾಗವೇ. ರೇಡ್ 6ರಲ್ಲಿ ಯಾವ ಎರಡು ಡಿಸ್ಕ್ ಕೆಟ್ಟರೂ ಸರಿ. ರೇಡ್ 10ರಲ್ಲಿ ಒಂದು ಕೆಟ್ಟ ಮೇಲೆ ಉಳಿದ ಮೂರರಲ್ಲಿ ಅದರ ಜೋಡಿ ಕೆಟ್ಟರೆ ಮಾತ್ರ ಎಲ್ಲ ಮುಗಿಯಿತು, ಬೇರೆ ಎರಡರಲ್ಲಿ ಯಾವುದೊಂದು ಕೆಟ್ಟರೂ ಬಚಾವು. ರಕ್ಷಣೆಯಲ್ಲಿ ರೇಡ್ 6 ಒಂದು ತೂಕ ಮೇಲು. ಬರೆಯುವ ವೇಗದಲ್ಲಿ, ರೀಬಿಲ್ಡ್ ವೇಗದಲ್ಲಿ, ಅಂದರೆ ಕೆಟ್ಟ ಡಿಸ್ಕ್ ಬದಲು ಹಾಕಿದ ಹೊಸದನ್ನು ಮತ್ತೆ ತುಂಬಿಸುವ ವೇಗದಲ್ಲಿ, ರೇಡ್ 10 ಬಹಳ ಮೇಲು.

ಮದುವೆಯ ಫೋಟೋ, ವಿಡಿಯೋ, ಸ್ಕ್ಯಾನ್ ಮಾಡಿದ ಹಳೆಯ ದಾಖಲೆಗಳಂತೆ ಒಮ್ಮೆ ಬರೆದು ಹಲವು ಸಲ ಓದುವ ಸಾಮಗ್ರಿಗೆ ರೇಡ್ 6. ಟ್ಯಾಲಿ, ಬಿಲ್ಲಿಂಗ್, ಡೇಟಾಬೇಸ್‌ನಂತೆ ಇಡೀ ದಿನ ಚೂರುಚೂರಾಗಿ ಬರೆಯುವ ಕೆಲಸಕ್ಕೆ ರೇಡ್ 10. ಡಿಸ್ಕ್‌ಗಳು ಆರು, ಎಂಟು ಆದಾಗ ರೇಡ್ 6ರ ಜಾಗದ ಲಾಭ ಎದ್ದು ಕಾಣುತ್ತದೆ: ಎಂಟರಲ್ಲಿ ಆರು ಡಿಸ್ಕ್‌ನ ಜಾಗ ನಿಮಗೆ ಸಿಗುತ್ತದೆ. ರೇಡ್ 0 ಬೇಕೆಂದರೆ, ಮೂಲ ಪ್ರತಿ ಬೇರೆಡೆ ಇರುವ ವಿಡಿಯೋ ಎಡಿಟಿಂಗ್‌ನ ತಾತ್ಕಾಲಿಕ ಜಾಗಕ್ಕೆ ಮಾತ್ರ.

ಎಲ್ಲರೂ ರೇಡ್ 5 ಹಾಕಿಕೊಂಡಿದ್ದಾರೆ. ನೀವೇಕೆ ಬೇಡ ಎನ್ನುತ್ತೀರಿ?

ನಾನು ಕಣ್ಣಾರೆ ಕಂಡ ಒಂದು ಸಂಗತಿ ಹೇಳುತ್ತೇನೆ. ಒಂದು ಪಟ್ಟಣದ ಸ್ಟುಡಿಯೋದಲ್ಲಿ ನಾಲ್ಕು ಡಿಸ್ಕ್‌ಗಳ ರೇಡ್ 5 ಇತ್ತು. ಒಂದು ಡಿಸ್ಕ್ ಕೆಟ್ಟಾಗ ಪೆಟ್ಟಿಗೆ ಬೀಪ್ ಎಂದು ಕೂಗಿದೆ. ಕಿವಿಗೆ ಕಿರಿಕಿರಿ ಎಂದು ಕೆಲಸದ ಹುಡುಗ ಗುಂಡಿ ಒತ್ತಿ ಸದ್ದಡಗಿಸಿದ್ದಾನೆ. ಕೇಸರಿ ದೀಪ ಉರಿಯುತ್ತಲೇ ಇತ್ತು, ಆದರೆ ಅದರ ಮುಂದೆ ಆಲ್ಬಮ್‌ಗಳ ರಾಶಿ ಇತ್ತು. ಮಾಲೀಕರಿಗೆ ವಿಷಯ ತಿಳಿದಿದ್ದು ಏಳು ವಾರಗಳ ನಂತರ. ನಾನು ಹೋಗಿ ಹೊಸ ಡಿಸ್ಕ್ ಹಾಕಿ ರೀಬಿಲ್ಡ್ ಆರಂಭಿಸಿದೆ. ಶೇಕಡ 61ಕ್ಕೆ ಬಂದಾಗ ಮತ್ತೊಂದು ಡಿಸ್ಕ್ ಕಟಕಟ ಸದ್ದು ಮಾಡಿ ನಿಂತಿತು. ಪರದೆಯ ಮೇಲಿನ ಪಟ್ಟಿ ಅಲ್ಲಿಂದ ಮುಂದೆ ಕದಲಲಿಲ್ಲ. ಅಳಿಸದೆ ಉಳಿದಿದ್ದ ಮೆಮೊರಿ ಕಾರ್ಡ್‌ಗಳಿಂದ ಕೆಲವು ಮದುವೆಗಳ ಚಿತ್ರಗಳು ಸಿಕ್ಕವು. ಉಳಿದ ಮನೆಗಳಿಗೆ ಆ ಮಾಲೀಕರು ಒಬ್ಬೊಬ್ಬರಿಗೂ ತಾವೇ ಫೋನ್ ಮಾಡಿ ವಿಷಯ ತಿಳಿಸಿದರು. ನಾನು ಪಕ್ಕದಲ್ಲೇ ಕುಳಿತಿದ್ದೆ. ಆ ಮಧ್ಯಾಹ್ನವನ್ನು ಮರೆಯಲು ಆಗಿಲ್ಲ.

ಹೀಗಾಗುವುದಕ್ಕೆ ಕಾರಣಗಳಿವೆ. ನಾಲ್ಕೂ ಡಿಸ್ಕ್ ಒಂದೇ ದಿನ, ಒಂದೇ ಅಂಗಡಿಯಿಂದ, ಒಂದೇ ತಯಾರಿಕಾ ಬ್ಯಾಚಿನಿಂದ ಬಂದಿರುತ್ತವೆ. ಒಂದೇ ಬಿಸಿಲು, ಒಂದೇ ಧೂಳು ಉಂಡಿರುತ್ತವೆ. ಒಂದಕ್ಕೆ ವಯಸ್ಸಾಗಿದೆ ಎಂದರೆ ಉಳಿದವಕ್ಕೂ ಆಗಿದೆ. ಅಂಥ ಹೊತ್ತಿನಲ್ಲಿ ರೀಬಿಲ್ಡ್ ಆ ಮುದಿ ಡಿಸ್ಕ್‌ಗಳನ್ನು ಮೊದಲಿನಿಂದ ಕೊನೆಯವರೆಗೆ ಬಿಡುವಿಲ್ಲದೆ ಓದಿಸುತ್ತದೆ.

ಲೆಕ್ಕವನ್ನೂ ನೋಡಿ. 8 ಟೆರಾಬೈಟಿನ ಡಿಸ್ಕ್ ಸೆಕೆಂಡಿಗೆ 150 ಮೆಗಾಬೈಟ್ ವೇಗದಲ್ಲಿ ತುಂಬಿದರೂ ಸುಮಾರು 15 ಗಂಟೆ ಹಿಡಿಯುತ್ತದೆ. ಅದೂ ಬೇರೆ ಯಾರೂ ಪೆಟ್ಟಿಗೆಯನ್ನು ಮುಟ್ಟದಿದ್ದರೆ. ಅಂಗಡಿ ತೆರೆದಿದ್ದು ಕೆಲಸವೂ ನಡೆಯುತ್ತಿದ್ದರೆ ಒಂದೂವರೆ, ಎರಡು ದಿನ ಎಂದು ಹಿಡಿಯಿರಿ. ಅಷ್ಟು ಹೊತ್ತೂ ರೇಡ್ 5ರಲ್ಲಿ ರಕ್ಷಣೆ ಇಲ್ಲ. ಇನ್ನೊಂದು, ಸಾಮಾನ್ಯ ಡಿಸ್ಕ್‌ಗಳ ವಿವರಪಟ್ಟಿಯಲ್ಲಿ ‘100 ಲಕ್ಷ ಕೋಟಿ ಬಿಟ್ ಓದಿದರೆ ಒಂದು ದೋಷ ಬರಬಹುದು’ ಎಂಬ ಅರ್ಥದ ಅಂಕಿ ಇರುತ್ತದೆ. ಅದು ಸುಮಾರು 12.5 ಟೆರಾಬೈಟ್. ನಾಲ್ಕು 8 ಟೆರಾಬೈಟ್ ಡಿಸ್ಕ್‌ಗಳ ರೇಡ್ 5 ರೀಬಿಲ್ಡ್ ಆಗಲು ಓದಬೇಕಾದದ್ದು 24 ಟೆರಾಬೈಟ್. ಆ ಅಂಕಿ ತಯಾರಕರು ಕೊಡುವ ಗರಿಷ್ಠ ಮಿತಿ, ಡಿಸ್ಕ್‌ಗಳು ಸಾಮಾನ್ಯವಾಗಿ ಅದಕ್ಕಿಂತ ಚೆನ್ನಾಗಿಯೇ ನಡೆದುಕೊಳ್ಳುತ್ತವೆ. ಹಾಗೆಂದು ಅದರ ಮೇಲೆ ಭಾರ ಹಾಕಿ ಮಲಗುವ ಧೈರ್ಯ ನನಗಿಲ್ಲ, ಏಕೆಂದರೆ ರೇಡ್ ನಡೆಸುವ ಕೆಲವು ಕಂಟ್ರೋಲರ್‌ಗಳು ಓದಲಾಗದ ಒಂದೇ ಒಂದು ಜಾಗ ಎದುರಾದರೂ ರೀಬಿಲ್ಡನ್ನು ಅಲ್ಲಿಗೇ ಕೈಬಿಡುತ್ತವೆ. ರೇಡ್ 6ರಲ್ಲಾದರೆ ಎರಡನೆಯ ಲೆಕ್ಕ ಅದನ್ನು ತುಂಬಿಕೊಡುತ್ತದೆ.

1 ಅಥವಾ 2 ಟೆರಾಬೈಟಿನ ಸಣ್ಣ ಡಿಸ್ಕ್‌ಗಳು, ಜೊತೆಗೆ ನಂಬಿಕೆಯ ಬ್ಯಾಕಪ್ ಇದ್ದರೆ ರೇಡ್ 5 ಇಂದಿಗೂ ನಡೆಯುತ್ತದೆ.

ಪ್ಯಾರಿಟಿ ಇದ್ದರೆ ಬರೆಯುವುದು ನಿಧಾನ ಎನ್ನುತ್ತಾರೆ, ಯಾಕೆ?

ಬಿಲ್ಲಿನಲ್ಲಿ ಒಂದು ಅಂಕಿ ಬದಲಾದರೆ ಪ್ಯಾರಿಟಿಯೂ ಬದಲಾಗಬೇಕು. ಅದಕ್ಕೆ ರೇಡ್ 5 ಹಳೆಯ ತುಂಡನ್ನು ಓದುತ್ತದೆ, ಹಳೆಯ ಪ್ಯಾರಿಟಿಯನ್ನು ಓದುತ್ತದೆ, ಹೊಸ ತುಂಡನ್ನು ಬರೆಯುತ್ತದೆ, ಹೊಸ ಪ್ಯಾರಿಟಿಯನ್ನು ಬರೆಯುತ್ತದೆ. ಒಂದು ಕೆಲಸಕ್ಕೆ ನಾಲ್ಕು ಓಡಾಟ. ರೇಡ್ 6ರಲ್ಲಿ ಆರು. ಮಿರರ್‌ನಲ್ಲಿ ಎರಡೇ. ದೊಡ್ಡ ವಿಡಿಯೋ ಒಂದೇ ಸಮನೆ ಬರೆಯುವಾಗ ಈ ತೊಂದರೆ ಅಷ್ಟಾಗಿ ಕಾಣುವುದಿಲ್ಲ, ಏಕೆಂದರೆ ಒಂದು ಸಾಲಿನ ತುಂಡುಗಳೆಲ್ಲ ಕೈಯಲ್ಲೇ ಇರುವುದರಿಂದ ಹಳೆಯದನ್ನು ಓದುವ ಅಗತ್ಯ ಬೀಳುವುದಿಲ್ಲ.

ಒಂದು ಡಿಸ್ಕನ್ನು ಹಾಟ್ ಸ್ಪೇರ್ ಆಗಿ ಇಟ್ಟರೆ ಸಾಲದೇ?

ಹಾಟ್ ಸ್ಪೇರ್ ಎಂದರೆ ಪೆಟ್ಟಿಗೆಯಲ್ಲೇ ಖಾಲಿ ಕುಳಿತು, ಯಾವುದಾದರೂ ಡಿಸ್ಕ್ ಕೆಟ್ಟ ಕೂಡಲೇ ಅದರ ಜಾಗಕ್ಕೆ ಬರುವ ಡಿಸ್ಕ್. ಯಾರೂ ಇಲ್ಲದ ರಾತ್ರಿಯಲ್ಲೂ ರೀಬಿಲ್ಡ್ ಆರಂಭವಾಗುವುದು ಅದರ ಗುಣ. ಆದರೆ ರೇಡ್ 5 ಮತ್ತು ಒಂದು ಸ್ಪೇರ್ ಎನ್ನುವ ಬದಲು, ಅಷ್ಟೇ ಡಿಸ್ಕ್‌ಗಳಲ್ಲಿ ರೇಡ್ 6 ಮಾಡಿ. ಸಿಗುವ ಜಾಗ ಒಂದೇ, ಖಾಲಿ ಕೂರುವ ಡಿಸ್ಕ್ ಮೊದಲ ದಿನದಿಂದಲೇ ಕಾವಲಿಗೆ ನಿಲ್ಲುತ್ತದೆ.

ಅಂಗಡಿಯಲ್ಲಿ ಯಾವ ಡಿಸ್ಕ್ ಕೇಳಲಿ?

ನಾಸ್‌ಗೆಂದೇ, ಅಂದರೆ ನೆಟ್‌ವರ್ಕ್ ಮೂಲಕ ಹಂಚಿಕೊಳ್ಳುವ ಇಂಥ ಡಿಸ್ಕ್ ಪೆಟ್ಟಿಗೆಗೆಂದೇ, ಮಾಡಿದ ಡಿಸ್ಕ್ ಕೇಳಿ. ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕ್‌ಗೆ ಒಂದು ಜಾಗ ಓದಲು ಬಾರದಿದ್ದರೆ ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಪ್ರಯತ್ನಿಸುತ್ತ ಕೂರಬಹುದು. ಕಂಟ್ರೋಲರ್ ಅಷ್ಟು ಹೊತ್ತು ಕಾಯುವುದಿಲ್ಲ, ಡಿಸ್ಕೇ ಸತ್ತಿತೆಂದು ತಿಳಿದು ಗುಂಪಿನಿಂದ ಹೊರಹಾಕುತ್ತದೆ. ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಸಾಮಾನ್ಯ ತಾಳ್ಮೆ 30 ಸೆಕೆಂಡ್. ನಾಸ್ ಡಿಸ್ಕ್‌ಗಳು ಸುಮಾರು 7 ಸೆಕೆಂಡಿನಲ್ಲಿ ಸೋಲೊಪ್ಪಿಕೊಳ್ಳುತ್ತವೆ, ಉಳಿದದ್ದನ್ನು ರೇಡ್ ಸರಿಪಡಿಸುತ್ತದೆ.

ಎರಡನೆಯದಾಗಿ, ಎಸ್‌ಎಂಆರ್ ಡಿಸ್ಕ್ ಬೇಡ, ಸಾಲುಗಳು ಒಂದರ ಮೇಲೊಂದು ಬೀಳದ ಸಿಎಂಆರ್ ಇರಲಿ. ಎಸ್‌ಎಂಆರ್‌ನಲ್ಲಿ ಬರವಣಿಗೆಯ ಸಾಲುಗಳು ಹೆಂಚಿನ ಮಾಡಿನಂತೆ ಒಂದರ ಮೇಲೊಂದು ಚಾಚಿಕೊಂಡಿರುತ್ತವೆ. ಒಂದು ಹೆಂಚು ಬದಲಿಸಲು ಪಕ್ಕದವನ್ನೂ ಎತ್ತಬೇಕಾಗುತ್ತದೆ, ಹಾಗಾಗಿ ರೀಬಿಲ್ಡ್ ವಿಪರೀತ ನಿಧಾನವಾಗುತ್ತದೆ. 2020ರಲ್ಲಿ ವೆಸ್ಟರ್ನ್ ಡಿಜಿಟಲ್ ತನ್ನ ರೆಡ್ ಸಾಲಿನ ಕೆಲವು ನಾಸ್ ಡಿಸ್ಕ್‌ಗಳು ಎಸ್‌ಎಂಆರ್ ಎಂದು ಒಪ್ಪಿಕೊಂಡಿತು, ಆಮೇಲೆ ಸಿಎಂಆರ್ ಇರುವವಕ್ಕೆ ರೆಡ್ ಪ್ಲಸ್ ಎಂದು ಬೇರೆ ಹೆಸರಿಟ್ಟಿತು. ಹಾಗಾಗಿ ಪೆಟ್ಟಿಗೆಯ ಮೇಲಿನ ‘ನಾಸ್’ ಪದವೊಂದನ್ನೇ ನಂಬದೆ, ಮಾದರಿ ಸಂಖ್ಯೆ ಹಿಡಿದು ವಿವರಪಟ್ಟಿ ನೋಡಿ.

ಸಾಧ್ಯವಾದರೆ ಎರಡು ಅಂಗಡಿಗಳಿಂದ ಎರಡೆರಡು ಕೊಳ್ಳಿ.

ಹಾರ್ಡ್‌ವೇರ್ ರೇಡ್ ಕಾರ್ಡ್ ಬೇಕೇ, ಸಾಫ್ಟ್‌ವೇರ್ ಸಾಕೇ?

ಸಣ್ಣ ಜಾಗಗಳಿಗೆ ಸಾಫ್ಟ್‌ವೇರ್ ಸಾಕು, ನಾನು ಅದನ್ನೇ ಇಷ್ಟಪಡುತ್ತೇನೆ. ಲಿನಕ್ಸ್‌ನ ರೇಡ್ ಆದರೆ ಮದರ್‌ಬೋರ್ಡ್ ಸುಟ್ಟರೂ ಡಿಸ್ಕ್‌ಗಳನ್ನು ಇನ್ನೊಂದು ಲಿನಕ್ಸ್ ಕಂಪ್ಯೂಟರಿಗೆ ಹಾಕಿ ಎಬ್ಬಿಸಬಹುದು. ರೇಡ್ ಕೆಲಸಕ್ಕೆಂದೇ ಹಾಕಿದ ಹಾರ್ಡ್‌ವೇರ್ ಕಾರ್ಡ್ ಸುಟ್ಟರೆ ಸಾಮಾನ್ಯವಾಗಿ ಅದೇ ಕುಲದ ಇನ್ನೊಂದು ಕಾರ್ಡ್ ಹುಡುಕಬೇಕು. ಐದಾರು ವರ್ಷದ ಹಳೆಯ ಕಾರ್ಡ್‌ಗಾಗಿ ಅಲೆಯುವ ಕಷ್ಟ ಅನುಭವಿಸಿದವರಿಗೇ ಗೊತ್ತು. ಮದರ್‌ಬೋರ್ಡ್‌ನ ಬಯೋಸ್‌ನಲ್ಲಿ ಬರುವ ರೇಡ್‌ನಿಂದ ದೂರವಿರಿ, ಎರಡರ ಕೆಟ್ಟ ಗುಣಗಳೂ ಅದರಲ್ಲಿವೆ.

ಜೆಡ್‌ಎಫ್‌ಎಸ್ ಎಂಬ, ರೇಡ್ ಕೆಲಸವನ್ನೂ ತಾನೇ ಮಾಡುವ ಕಡತ ವ್ಯವಸ್ಥೆಯನ್ನು ಕಲಿಯುವ ತಾಳ್ಮೆ ಇದ್ದರೆ ಅದನ್ನು ಬಳಸಿ. ಅದು ಪ್ರತಿ ತುಂಡಿಗೂ ಒಂದು ತಾಳೆ ಸಂಖ್ಯೆ ಇಟ್ಟುಕೊಂಡಿರುತ್ತದೆ. ಸಾಮಾನ್ಯ ಮಿರರ್‌ನಲ್ಲಿ ಎರಡು ಪ್ರತಿಗಳು ಬೇರೆ ಬೇರೆಯಾಗಿದ್ದರೆ ಯಾವುದು ಸರಿ ಎಂದು ಹೇಳುವವರಿಲ್ಲ, ಜೆಡ್‌ಎಫ್‌ಎಸ್‌ಗೆ ಅದು ತಿಳಿಯುತ್ತದೆ. ಅಂಥದ್ದೇ ಇನ್ನೊಂದಾದ ಬಿಟಿಆರ್‌ಎಫ್‌ಎಸ್‌ನ ಮಿರರ್ ಚೆನ್ನಾಗಿದೆ, ಆದರೆ ಅದರ ಸ್ವಂತ ರೇಡ್ 5 ಮತ್ತು 6ನ್ನು ಮುಖ್ಯ ಕೆಲಸಕ್ಕೆ ಬಳಸಬೇಡಿ ಎಂದು ಅದರ ದಾಖಲೆಗಳೇ ಎಚ್ಚರಿಸುತ್ತವೆ.

ಕರೆಂಟ್ ಹೋದರೆ?

ಹೊಸ ತುಂಡು ಡಿಸ್ಕ್ ಸೇರಿದೆ, ಅದರ ಪ್ಯಾರಿಟಿ ಇನ್ನೂ ಸೇರಿಲ್ಲ, ಅಷ್ಟರಲ್ಲಿ ಕರೆಂಟ್ ಹೋಯಿತು ಎಂದುಕೊಳ್ಳಿ. ಎರಡಕ್ಕೂ ತಾಳೆಯಾಗದ ಒಂದು ಗುಟ್ಟಾದ ತೂತು ಅಲ್ಲಿ ಉಳಿಯಬಹುದು. ತಿಂಗಳುಗಳ ನಂತರ ಡಿಸ್ಕ್ ಕೆಟ್ಟಾಗ ಪ್ಯಾರಿಟಿ ಅಲ್ಲಿಗೆ ತಪ್ಪು ಉತ್ತರ ಕೊಡಬಹುದು. ಮಳೆಗಾಲದಲ್ಲಿ ದಿನಕ್ಕೆ ಹತ್ತು ಸಲ ಕರೆಂಟ್ ಹೋಗಿಬರುವ ನಮ್ಮ ಕಡೆ ಇದು ಪುಸ್ತಕದ ಮಾತಲ್ಲ. ಯುಪಿಎಸ್ ಕಡ್ಡಾಯ. ಅದರ ಯುಎಸ್‌ಬಿ ಕೇಬಲನ್ನೂ ಪೆಟ್ಟಿಗೆಗೆ ಸಿಕ್ಕಿಸಿ, ಬ್ಯಾಟರಿ ಇಳಿದಾಗ ತಾನೇ ಕ್ರಮವಾಗಿ ಮುಚ್ಚಿಕೊಳ್ಳುವಂತೆ ಹೊಂದಿಸಿ. ಎಷ್ಟೋ ಕಡೆ ಆ ಕೇಬಲ್ ಇನ್ನೂ ಪ್ಲಾಸ್ಟಿಕ್ ಚೀಲದೊಳಗೇ ಇರುವುದನ್ನು ನೋಡಿದ್ದೇನೆ.

ಎಸ್‌ಎಸ್‌ಡಿ ಹಾಕಿದರೆ ಇದೆಲ್ಲ ಬದಲಾಗುತ್ತದೆಯೇ?

ರೀಬಿಲ್ಡ್ ಬಹಳ ಬೇಗ ಮುಗಿಯುತ್ತದೆ, ಹಾಗಾಗಿ ರೇಡ್ 5ರ ಭಯ ಕಡಿಮೆ. ಆದರೆ ಎಸ್‌ಎಸ್‌ಡಿ ಬರೆದಷ್ಟೂ ಸವೆಯುತ್ತದೆ, ಮಿರರ್‌ನ ಎರಡೂ ಒಂದೇ ಸಮನೆ ಸವೆಯುತ್ತವೆ. ಎರಡು ಬೇರೆ ಕಂಪನಿಗಳ ಎಸ್‌ಎಸ್‌ಡಿಗಳನ್ನು ಜೋಡಿ ಮಾಡುವುದು ಒಳ್ಳೆಯದು.

ಡಿಸ್ಕ್ ಕೆಡುವ ಮುನ್ನ ಗೊತ್ತಾಗುವುದಿಲ್ಲವೇ?

ಕೆಲವೊಮ್ಮೆ ಗೊತ್ತಾಗುತ್ತದೆ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ‘ಸ್ಮಾರ್ಟ್’ ವರದಿಯಲ್ಲಿ 5, 197, 198 ಎಂಬ ಸಾಲುಗಳ ಕಚ್ಚಾ ಅಂಕಿ ಸೊನ್ನೆ ಇರಬೇಕು. ಏರುತ್ತ ಹೋದರೆ ಹೊಸ ಡಿಸ್ಕ್ ತನ್ನಿ. ಆದರೆ ಇದನ್ನೇ ನಂಬಿ ಕೂರುವಂತಿಲ್ಲ. 2007ರಲ್ಲಿ ಗೂಗಲ್ ಎಂಜಿನಿಯರುಗಳು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಅಧ್ಯಯನ ಪ್ರಕಟಿಸಿದರು. ಕೆಟ್ಟ ಡಿಸ್ಕ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಸ್ಮಾರ್ಟ್‌ನ ನಾಲ್ಕು ಪ್ರಬಲ ಸೂಚನೆಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ.

ತಿಂಗಳಿಗೊಮ್ಮೆ ಸ್ಕ್ರಬ್ ನಡೆಸಿ. ಎಲ್ಲ ಡಿಸ್ಕ್‌ಗಳನ್ನೂ ಪೂರ್ತಿ ಓದಿ ತಾಳೆ ನೋಡುವ ಕೆಲಸ ಅದು. ವರ್ಷಗಟ್ಟಲೆ ಯಾರೂ ತೆರೆಯದ ಹಳೆಯ ಫೋಲ್ಡರಿನ ಕೆಳಗೆ ಕೆಟ್ಟ ಜಾಗವಿದ್ದರೆ, ಅದು ರೀಬಿಲ್ಡ್ ದಿನ ಎದುರಾಗುವ ಬದಲು ಇಂದೇ ಸಿಕ್ಕಿಬೀಳುತ್ತದೆ.

ಡಿಸ್ಕ್ ಕೆಟ್ಟಿದೆ ಎಂಬ ಸೂಚನೆ ಬಂತು. ಈಗ ಏನು ಮಾಡಲಿ?

ಮೊದಲು ಕೈ ಕಟ್ಟಿಕೊಂಡು ಕುಳಿತುಕೊಳ್ಳಿ. ಇದು ಗಂಭೀರವಾಗಿ ಹೇಳುವ ಮಾತು. ಗಾಬರಿಯಲ್ಲಿ ಕೆಟ್ಟ ಡಿಸ್ಕ್ ಬಿಟ್ಟು ಪಕ್ಕದ ಒಳ್ಳೆಯ ಡಿಸ್ಕ್ ಎಳೆದವರಿದ್ದಾರೆ. ರೇಡ್ 5ರಲ್ಲಿ ಆ ಒಂದು ಎಳೆತಕ್ಕೆ ಎಲ್ಲವೂ ನಿಲ್ಲುತ್ತದೆ. ಮೊದಲು ಬ್ಯಾಕಪ್ ಹೊಸತೇ ಎಂದು ನೋಡಿ, ಇಲ್ಲದಿದ್ದರೆ ರೀಬಿಲ್ಡ್‌ಗೆ ಮುಂಚೆಯೇ ಮುಖ್ಯವಾದದ್ದನ್ನು ಹೊರಗೆ ನಕಲು ಮಾಡಿಕೊಳ್ಳಿ. ಆಮೇಲೆ ಸಾಫ್ಟ್‌ವೇರ್ ಯಾವ ಸರಣಿ ಸಂಖ್ಯೆಯ ಡಿಸ್ಕ್ ಕೆಟ್ಟಿದೆ ಎನ್ನುತ್ತದೆ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು, ಅದೇ ಸಂಖ್ಯೆಯ ಡಿಸ್ಕನ್ನು ಮಾತ್ರ ತೆಗೆಯಿರಿ. ನಾನು ಜೋಡಿಸುವಾಗಲೇ ಪ್ರತಿ ಟ್ರೇಯ ಮುಖಕ್ಕೆ ಬಿಳಿ ಟೇಪ್ ಅಂಟಿಸಿ ಸರಣಿ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಬರೆದಿರುತ್ತೇನೆ. ಐದು ನಿಮಿಷದ ಕೆಲಸ.

ಎರಡು ಡಿಸ್ಕ್ ಹೋಗಿ ರೇಡ್ 5 ನಿಂತೇಬಿಟ್ಟಿದ್ದರೆ, ಹೊಸದಾಗಿ ರಚಿಸುವ ಯಾವ ಗುಂಡಿಯನ್ನೂ ಒತ್ತಬೇಡಿ. ಆಫ್ ಮಾಡಿ, ತಿಳಿದವರನ್ನು ಕರೆಯಿರಿ.

ಮುಂದೆ ಜಾಗ ಸಾಲದಿದ್ದರೆ ಡಿಸ್ಕ್ ಸೇರಿಸಬಹುದೇ?

ಲಿನಕ್ಸ್ ರೇಡ್ 5, 6ರಲ್ಲಿ ಸಾಧ್ಯ. ಜೆಡ್‌ಎಫ್‌ಎಸ್‌ನ ಪ್ಯಾರಿಟಿ ಗುಂಪಿಗೆ ಒಂದೊಂದೇ ಡಿಸ್ಕ್ ಸೇರಿಸುವ ಸೌಲಭ್ಯ 2025ರ ಜನವರಿಯಲ್ಲಿ ಬಂದ 2.3 ಆವೃತ್ತಿಯಿಂದ ಸಿಕ್ಕಿದೆ. ಯಾವುದೇ ಆದರೂ ದಿನಗಟ್ಟಲೆ ನಡೆಯುವ ಕೆಲಸ, ಬ್ಯಾಕಪ್ ಇಲ್ಲದೆ ಕೈಹಾಕಬೇಡಿ.

ಎಲ್ಲ ಜೋಡಿಸಿಯಾಯಿತು. ಇನ್ನು ಫೋಟೋ ತುಂಬಲು ಆರಂಭಿಸಬಹುದೇ?

ಇನ್ನೆರಡು ದಿನ ತಡೆಯಿರಿ. ಪೆಟ್ಟಿಗೆ ಇನ್ನೂ ಖಾಲಿ ಇರುವಾಗಲೇ ಒಂದಿಷ್ಟು ನಕಲು ಕಡತಗಳನ್ನು ಹಾಕಿ, ಬೇಕೆಂದೇ ಒಂದು ಡಿಸ್ಕ್ ಎಳೆಯಿರಿ. ಬೀಪ್ ಕೇಳುತ್ತದೆಯೇ, ನಿಮ್ಮ ಮೊಬೈಲ್‌ಗೆ ಮೇಲ್ ಬರುತ್ತದೆಯೇ, ಕಡತಗಳು ತೆರೆಯುತ್ತವೆಯೇ ನೋಡಿ. ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗರನ್ನೂ ಕರೆದು ಆ ಸದ್ದನ್ನು ಕೇಳಿಸಿ, ಇದು ಕೇಳಿದರೆ ಗುಂಡಿ ಒತ್ತುವ ಮುನ್ನ ಫೋನ್ ಮಾಡಿ ಎಂದು ಹೇಳಿ. ಎಳೆದ ಡಿಸ್ಕನ್ನು ಪೂರ್ತಿ ಅಳಿಸಿ ಮತ್ತೆ ಹಾಕಿ, ರೀಬಿಲ್ಡ್ ಮುಗಿಯುವವರೆಗೆ ಗಡಿಯಾರ ನೋಡಿ. ಜೆಡ್‌ಎಫ್‌ಎಸ್ ತುಂಬಿದಷ್ಟು ಜಾಗವನ್ನು ಮಾತ್ರ ಕಟ್ಟುವುದರಿಂದ ಅದರಲ್ಲಿ ನಕಲು ಕಡತಗಳು ಸಾಕಷ್ಟಿರಲಿ. ಹಿಡಿದ ಸಮಯವನ್ನು ಕಾಗದದಲ್ಲಿ ಬರೆದು ಪೆಟ್ಟಿಗೆಯ ಬದಿಗೆ ಅಂಟಿಸಿ. ಮೇಲೆ ಹೇಳಿದ ಸ್ಟುಡಿಯೋದಲ್ಲಿ ಈಗ ರೇಡ್ 6 ಇದೆ. ಅದರ ಬದಿಯ ಚೀಟಿಯಲ್ಲಿ ‘16 ಗಂಟೆ 20 ನಿಮಿಷ’ ಎಂದಿದೆ, ಅದರ ಕೆಳಗೆ ನನ್ನ ಫೋನ್ ನಂಬರ್ ಇದೆ. ಆಲ್ಬಮ್‌ಗಳ ರಾಶಿ ಈಗ ಇನ್ನೊಂದು ಗೋಡೆಯ ಕಡೆಗಿದೆ.